ಚೌಕಟ್ಟಿಗೆ ಸಿಕ್ಕಿದ ಬಾಳೆಲೆ

ನಮ್ಮೂರಿನಲ್ಲಿ ಫೋಟೋ ತೆಗೆಸಿಕೊಳ್ಳುವ ಮುಂಚೆ ಮನೆ ಖಾಲಿ ಮಾಡುತ್ತಾರೆ. ಮಣೆ, ಚೊಂಬು, ಚಾಪೆ, ಗೋಡೆಯ ಕ್ಯಾಲೆಂಡರು, ಮೂಲೆಯ ಪೊರಕೆ ಎಲ್ಲವನ್ನೂ ಹೊರಗೆ ಸಾಗಿಸಿ, ಬೋಳು ಗೋಡೆಯ ಮುಂದೆ ಸಾಲಾಗಿ ನಿಂತು, 'ಹ್ಞೂಂ, ಈಗ ಹೊಡಿಯಪ್ಪ' ಎನ್ನುತ್ತಾರೆ. ಪರವೂರಿನವರು ನೋಡಿದರೆ ಇದೇನು ಮದುವೆಯೋ ಜಪ್ತಿಯೋ ಎಂದು ಗಾಬರಿಯಾಗಬೇಕು. ನಮಗೆ ಅಭ್ಯಾಸವಾಗಿಬಿಟ್ಟಿದೆ. ಫೋಟೋದಲ್ಲಿ ಬಿದ್ದ ವಸ್ತು ಆಮೇಲೆ ಇದ್ದಲ್ಲಿಂದ ಕದಲುವುದಿಲ್ಲ, ಅಷ್ಟೇ ವಿಷಯ. ಮನುಷ್ಯರು, ದನಕರುಗಳು ಎದ್ದು ಹೋಗುತ್ತಾರೆ, ಮೈಮೇಲಿನದು ಅವರ ಜೊತೆಯಲ್ಲೇ ಹೋಗುತ್ತದೆ. ಉಳಿದದ್ದು ಆ ಫೋಟೋ ಇರುವ ತನಕ ಅಲ್ಲೇ.

ಸಂತೆಬೀದಿಯ ನಟ್ಟನಡುವೆ ಒಂದು ಸೈಕಲ್ಲು ನಿಂತಿದೆ. ಯಾರೋ ತಮ್ಮ ಮಗಳ ಮೊದಲ ಹುಟ್ಟುಹಬ್ಬಕ್ಕೆ ತೆಗೆಸಿದ ಫೋಟೋದಲ್ಲಿ ಅದೂ ಬಿದ್ದುಹೋಯಿತು. ಹುಟ್ಟುಹಬ್ಬದ ಫೋಟೋ ಹರಿಯಿರಿ ಎಂದು ಯಾವ ಬಾಯಲ್ಲಿ ಹೇಳುವುದು? ಗಾಡಿಗಳು ಬಳಸಿಕೊಂಡು ಹೋಗುತ್ತವೆ. ಕ್ಷೌರದ ಚಿಕ್ಕಣ್ಣ ಅದರ ಕ್ಯಾರಿಯರ್ ಮೇಲೆ ಗಿರಾಕಿಗಳನ್ನು ಕೂರಿಸಿಕೊಂಡು ತಲೆ ಕತ್ತರಿಸುತ್ತಾನೆ. ಇನ್ನೊಬ್ಬ ಪುಣ್ಯಾತ್ಮ ಜಾಣತನ ಮಾಡಿ, ಮದುವೆ ಫೋಟೋದಲ್ಲಿ ತಮ್ಮಿಬ್ಬರ ಮುಖವಷ್ಟನ್ನೇ ಕತ್ತರಿಸಿಟ್ಟುಕೊಂಡು ಉಳಿದದ್ದನ್ನು ಸುಟ್ಟ. ಮಾವ ಕೊಟ್ಟ ಬೀರು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಚೂರು ಉಳಿದರೂ ಹಿಡಿತ ಉಳಿಯುತ್ತದೆ. ನೆಗೆಟಿವ್ ಸಮೇತ ಬೂದಿಯಾದರೆ ಮಾತ್ರ ಬಿಡುಗಡೆ.

ಇಂಥ ಊರಿನಲ್ಲಿ ನಾನು ಸ್ಟುಡಿಯೋ ಇಟ್ಟುಕೊಂಡಿದ್ದೇನೆ. ಕ್ಯಾಮೆರಾ ಹಿಡಿದು ಬೀದಿಗಿಳಿದರೆ ಜನ ತಮ್ಮ ಕೊಡೆ, ಚೀಲ, ಕೋಳಿಬುಟ್ಟಿ ಎತ್ತಿಕೊಂಡು ದೂರ ಸರಿಯುತ್ತಾರೆ. ನನಗೆ ಬೇಸರವಿಲ್ಲ. ಆದರೆ ಊರಿಗೆಲ್ಲ ಬೋಳುಗೋಡೆಯ ಫೋಟೋ ತೆಗೆದುಕೊಟ್ಟ ನನ್ನ ಮನೆಯಲ್ಲೇ, ನಾನು ಮೊಟ್ಟಮೊದಲು ತೆಗೆದ ಫೋಟೋದಲ್ಲಿ, ಅಡುಗೆಮನೆ ಇಡೀ ತುಂಬಿಕೊಂಡಿತ್ತು.

ಅವತ್ತು ಉಗಾದಿಯ ಮಾರನೆಯ ದಿನ. ಹಳೆಯ ಯಜಮಾನರಿಂದ ಸ್ಟುಡಿಯೋ ನನ್ನ ಕೈಗೆ ಬಂದು ವಾರವೂ ಆಗಿರಲಿಲ್ಲ. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಊಟಕ್ಕೆ ಮನೆಗೆ ಬಂದೆ. ಹೊತ್ತು ಇಳಿದಿತ್ತು. ಅಮ್ಮ ಹೊಸ ಸೀರೆ ಉಟ್ಟು ಅಡುಗೆಮನೆಯಲ್ಲಿ ನಿಂತಿದ್ದಳು. ಇಳಿಸಿಟ್ಟ ಹಿತ್ತಾಳೆ ಪಾತ್ರೆಯ ಮೇಲೆ ಮುಚ್ಚಳ, ಮುಚ್ಚಳದ ಮೇಲೆ ಸೌಟು, ಗೂಡಿನಲ್ಲಿ ಉಪ್ಪಿನ ಭರಣಿ, ನೆಲದಲ್ಲಿ ಮಣೆ, ಮಣೆಯ ಮುಂದೆ ಬಾಳೆಲೆ.

"ಸೇತು, ನಂದೊಂದು ಫೋಟೋ ತೆಗಿಯೋ" ಎಂದಳು.

"ಇರಮ್ಮ, ಪಾತ್ರೆಪಗಡ ಎಲ್ಲ ಆಚೆಗಿಡ್ತೀನಿ."

"ಏನೂ ಮುಟ್ಟಬೇಡ. ಹೀಗೇ ತೆಗಿ."

"ಎಲ್ಲ ಅಲ್ಲಲ್ಲೇ ಕೂತ್ಕೊಂಡ್ಬಿಡತ್ತಮ್ಮ!"

"ಕೂತ್ಕೊಳ್ಳಲಿ ಅಂತಾನೇ ಹೇಳ್ತಿರೋದು."

ಅಮ್ಮನ ಎದುರು ವಾದ ಮಾಡಿ ಗೆದ್ದವರು ನಮ್ಮ ಪೈಕಿ ಯಾರೂ ಇಲ್ಲ. ತೆಗೆದೆ. ತೊಳೆದು ನೋಡಿದರೆ ಅವಳು ಕ್ಯಾಮೆರಾ ನೋಡದೆ ಬಾಗಿಲ ಕಡೆ ನೋಡುತ್ತಿದ್ದಳು. ಹೊಸಬನ ಕೈಕೆಲಸ, ಹೀಗೇ ಆಗುವುದು ಎಂದು ನನ್ನನ್ನೇ ಬೈದುಕೊಂಡೆ. ಅವತ್ತಿಂದ ಅಡುಗೆ ನಡುಮನೆಗೆ ಬಂತು. ಆ ಪಾತ್ರೆಯಲ್ಲಿ ಏನಮ್ಮ ಇರೋದು ಎಂದು ಕೇಳಿದರೆ, "ಅಡುಗೆಮನೆ ಪಾತ್ರೇಲಿ ಏನಿರತ್ತೆ? ಅಡುಗೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಶ್ರಾವಣ ಕಳೆಯುವಷ್ಟರಲ್ಲಿ ಅಮ್ಮ ಹೋಗಿಬಿಟ್ಟಳು. ಅವಳ ಮುಖವಿರುವ ಫೋಟೋ ಜಗತ್ತಿನಲ್ಲಿ ಅದೊಂದೇ. ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ.

ಆಮೇಲೆ ನನಗೆ ಮದುವೆಯಾಯಿತು. ರೇವತಿ ಬಂದ ಹೊಸದರಲ್ಲಿ ಆ ಅಡುಗೆಮನೆಯೊಡನೆ ಯುದ್ಧವನ್ನೇ ಮಾಡಿದಳು. ಭರಣಿಯನ್ನು ಎರಡು ಕೈಯಲ್ಲಿ ಹಿಡಿದು ಗೋಡೆಗೆ ಕಾಲು ಕೊಟ್ಟು ಎಳೆದಳು. ಕೊನೆಗೆ "ಅತ್ತೆ ಮನೆ ಉಪ್ಪು ತಿನ್ನೋ ಯೋಗ ನಂಗಿಲ್ಲ ಬಿಡಿ" ಎಂದು ಕೈಚೆಲ್ಲಿದಳು. ಮಣೆಯ ಸುತ್ತ ಗುಡಿಸುವುದು, ಎಲೆ ದಾಟಿಕೊಂಡು ಕಿಟಕಿ ತೆರೆಯುವುದು ಕ್ರಮೇಣ ರೂಢಿಯಾಯಿತು. ಆ ಎಲೆಯಂತೂ ಆಗತಾನೆ ಹಿತ್ತಿಲಿಂದ ಕೊಯ್ದು ತಂದ ಹಾಗೆ ಹಸಿರಾಗಿಯೇ ಇತ್ತು. ಅಮ್ಮ ನನಗೆಂದು ಹಾಕಿದ ಕೊನೆಯ ಎಲೆ ಎಂದು ನಾನು ಬಂದವರಿಗೆಲ್ಲ ತೋರಿಸಿ ಕಣ್ಣೊರೆಸಿಕೊಳ್ಳುತ್ತಿದ್ದೆ.

ನನ್ನ ಅಕ್ಕ ವಿಶಾಲಾಕ್ಷಿಯ ಬಗ್ಗೆ ಇಷ್ಟು ಹೊತ್ತಿಗೇ ಹೇಳಬೇಕಾಗಿತ್ತು. ಅವಳು ಬೋರ್ಡ್ ಬರೆಯುವ ಇನಾಸಪ್ಪನನ್ನು ಚರ್ಚಿನಲ್ಲಿ ಮದುವೆಯಾಗಿ, ಇದೇ ಊರಿನ ಇನ್ನೊಂದು ಕೇರಿಯಲ್ಲಿ ಸಂಸಾರ ಹೂಡಿದ್ದಳು. ಅಮ್ಮ ಅವಳ ಹೆಸರೆತ್ತುವುದನ್ನೇ ಬಿಟ್ಟಳು. ಅಮ್ಮ ತೀರಿಕೊಂಡ ದಿನ ಅಕ್ಕ ಅಂಗಳದ ತನಕ ಬಂದು ನಿಂತು, ಹೊಸಲು ದಾಟದೆ ಹೊರಟುಹೋದಳು. ನನಗೂ ಅವಳಿಗೂ ಜಗಳವಿರಲಿಲ್ಲ. ಸಂತೆಯಲ್ಲಿ ಸಿಕ್ಕರೆ ಸೊಪ್ಪಿನ ಬೆಲೆಯಷ್ಟು ಮಾತಾಡುತ್ತಿದ್ದೆವು. ಮನೆಗೆ ಬಾ ಎಂದು ನಾನು ಕರೆದರೆ, "ಕರೀಬೇಕಾದವರು ಕರೀಲಿಲ್ಲವಲ್ಲೋ" ಎಂದು ಚೀಲ ಎತ್ತಿಕೊಂಡು ನಡೆಯುತ್ತಿದ್ದಳು.

ವರ್ಷಗಳು ಹೀಗೇ ಉರುಳುತ್ತಿರುವಾಗ ಊರಾಚೆಯ ಬೂದಿದಿಬ್ಬವನ್ನು ಅಗೆಯಲು ಮೃಣಾಲಿನಿ ಎಂಬ ಮೇಡಂ ಬಂದರು. ಭೂಮಿಯೊಳಗೆ ಹಳೆಯ ಜನ ಏನು ಬಿಟ್ಟುಹೋಗಿದ್ದಾರೆಂದು ಹುಡುಕುವುದು ಅವರ ಕಸುಬು. ದೊಡ್ಡ ಹ್ಯಾಟು, ಸಣ್ಣ ಕುಂಚ, ಸಿಡುಕು ಮೂಗು. ಕಲ್ಲೋ ಕಂಬವೋ ಸಿಗುತ್ತದೆ ಎಂದು ಊರು ಕಾದರೆ, ಸಿಕ್ಕಿದ್ದು ಯಾವ ಕಾಲದ್ದೋ ಒಂದು ಒಲೆ, ಅದರ ಪಕ್ಕ ಮುಚ್ಚಿದ ಮಡಕೆ, ಒಂದು ಅರೆಯುವ ಕಲ್ಲು. ಇಷ್ಟಕ್ಕೇ ಮೇಡಂ ಕುಣಿದಾಡಿದರು. ಫೋಟೋ ತೆಗೆಯಲು ನನಗೆ ಹೇಳಿಕಳಿಸಿದರು.

"ಮೇಡಂ, ಮೊದಲು ಮಡಕೆ ಎತ್ಕೊಂಬಿಡಿ. ಆಮೇಲೆ ಖಾಲಿ ಗುಂಡಿ ಫೋಟೋ ತೆಗೀತೀನಿ" ಎಂದೆ.

"ಏನ್ರೀ ಮಾತಾಡ್ತೀರಾ? ಇದ್ದದ್ದು ಇದ್ದ ಹಾಗೆ ಫೋಟೋ ಆಗದೆ ಒಂದು ಹೆಂಚಿನ ಚೂರನ್ನೂ ಎತ್ತೋ ಹಾಗಿಲ್ಲ. ನಮ್ಮ ಶಾಸ್ತ್ರದಲ್ಲಿ ಅದೇ ಮೊದಲನೇ ಪಾಠ."

"ನಮ್ಮೂರಲ್ಲಿ ಫೋಟೋ ಆದ್ಮೇಲೆ ಎತ್ತಕ್ಕಾಗಲ್ಲ ಮೇಡಂ."

ಅವರು ನಕ್ಕರು. ಕೂಲಿಯವರು ನಗಲಿಲ್ಲ. ತಂತಮ್ಮ ಗುದ್ದಲಿ, ಬುತ್ತಿಗಂಟು ಎತ್ತಿಕೊಂಡು ದಿಬ್ಬದ ಆ ಬದಿಗೆ ಹೋಗಿ ನಿಂತರು. ನಾನು ಕ್ಲಿಕ್ಕಿಸಿದೆ. ಮಡಕೆ ಕದಲಲಿಲ್ಲ. ಕುಂಚವೂ ಕದಲಲಿಲ್ಲ. ಬಿಸಿಲಿಗೆ ಬೆವರೊರೆಸಿಕೊಳ್ಳಲು ಮೇಡಂ ತೆಗೆದು ಗುಂಡಿಯ ಅಂಚಿನಲ್ಲಿಟ್ಟ ಹ್ಯಾಟೂ ಕದಲಲಿಲ್ಲ. ಹಾರೆ ಹಾಕಿ ಮೀಟಿ ನೋಡಿದರು. ಕೊನೆಗೆ ತಲೆಗೊಂದು ಟವೆಲ್ಲು ಸುತ್ತಿಕೊಂಡು ಗುಂಡಿಯೊಳಗೇ ಕುಕ್ಕರಿಸಿದರು. ಫೋಟೋ ಇಟ್ಟುಕೊಂಡರೆ ಮಡಕೆ ಸಿಗದು, ಮಡಕೆ ಬೇಕೆಂದರೆ ಫೋಟೋ ಇರದು. ಅತ್ತ ದರಿ ಇತ್ತ ಪುಲಿ. ನನಗೆ ಅವರನ್ನು ನೋಡಿ ಅಯ್ಯೋ ಎನಿಸಿತು.

"ಬರೆದ ಚಿತ್ರ ಯಾವುದನ್ನೂ ಹಿಡಿಯಲ್ಲ ಮೇಡಂ. ನಮ್ಮ ಭಾವ ಚಿತ್ರ ಬರೀತಾರೆ" ಎಂದೆ.

ಇನಾಸಪ್ಪ ಬಂದ. ಮೇಡಂ ದಾರ ಎಳೆದು ಅಳತೆ ಕೊಟ್ಟರು, ಅವನು ಬರೆದ. ಮಡಕೆಯ ಬಿರುಕು ಕೂಡ ತಪ್ಪಲಿಲ್ಲ. ರೂಢಿಬಲದಿಂದ ಸುತ್ತಲೂ ಹೂಬಳ್ಳಿಯ ಅಂಚು ಎಳೆದು, ಕೆಳಗೆ 'ಪ್ರೊಪ್ರೈಟರ್' ಎಂದು ಬರೆಯುವವನಿದ್ದ, ಮೇಡಂ ಕೈ ಹಿಡಿದರು. ಆಮೇಲೆ ನನ್ನ ಫೋಟೋವನ್ನು, ನೆಗೆಟಿವನ್ನು ತಾವೇ ಕಡ್ಡಿ ಗೀರಿ ಸುಟ್ಟರು. ಅವರ ಮುಖ ಹೆಣ ಸುಡುವವರ ಮುಖದ ಹಾಗಿತ್ತು. ಮಡಕೆ ಎದ್ದಿತು. ಮುಚ್ಚಳ ತೆಗೆದರೆ ಒಳಗೆ ಮಣ್ಣು, ತಳದಲ್ಲಿ ಕರಕಲು.

"ಇದನ್ನು ಕೆರೆದು ನೋಡಿದರೆ ಏನು ಬೇಯಿಸಿದ್ದರು ಅಂತ ಗೊತ್ತಾಗುತ್ತೆ" ಎಂದರು ಮೇಡಂ. "ಯಾರಿಗೋಸ್ಕರ ಬೇಯಿಸಿದ್ದರು ಅನ್ನೋದು ಮಾತ್ರ ಗೊತ್ತಾಗಲ್ಲ. ಅದನ್ನು ಹೇಳಬೇಕಾದವರು ಯಾರೂ ಇಲ್ಲವಲ್ಲ."

ಮಾರನೆಯ ದಿನ ಮೇಡಂ ಕಾಫಿಗೆಂದು ನಮ್ಮ ಮನೆಗೆ ಬಂದವರು ಅಡುಗೆಮನೆ ನೋಡಿ ಕಾಫಿಯನ್ನೇ ಮರೆತರು. ಮಂಡಿಯೂರಿ ಕೂತು, ಅಮ್ಮನ ಪಾತ್ರೆಪಗಡವನ್ನು ಆ ಗುಂಡಿಯನ್ನು ನೋಡಿದ ಹಾಗೇ ನೋಡತೊಡಗಿದರು. ನನಗೆ ಮುಜುಗರವಾಯಿತು. ಜನ ಬದುಕುತ್ತಿರುವ ಮನೆಯಲ್ಲವೇ ಇದು?

"ಈ ಎಲೆ ಯಾರಿಗೆ ಹಾಕಿದ್ದು?"

"ನನಗೆ ಮೇಡಂ."

"ದಿನಾ ಎಲೆಯಲ್ಲೇ ಊಟ ಮಾಡ್ತಿದ್ರಾ?"

"ಇಲ್ಲ, ತಟ್ಟೇಲಿ. ಎಲೆ ಏನಿದ್ದರೂ ಮನೆಗೆ ಯಾರಾದರೂ ಬಂದಾಗ..." ಎಂದವನು ಅಲ್ಲಿಗೇ ನಿಂತೆ. ಇಷ್ಟು ವರ್ಷ ಅದು ನನಗೆ ಹೊಳೆದೇ ಇರಲಿಲ್ಲ.

ಎಲೆಯಿಂದ ಒಂದು ಮಾರು ಆಚೆಗೆ, ಗೋಡೆಯ ಬುಡದಲ್ಲಿ, ಅಂಗೈ ಅಗಲದ ಹಸಿರು ತುಂಡೊಂದು ನೆಲಕ್ಕೆ ಅಂಟಿಕೊಂಡಿತ್ತು. ಮೇಡಂ ಅದನ್ನು ಬೆರಳಿನಿಂದ ಮುಟ್ಟಿದರು. "ಇದು?"

"ಅದು ಕಸ ಮೇಡಂ" ಎಂದಳು ರೇವತಿ. "ಮದುವೆಯಾಗಿ ಬಂದಾಗಿನಿಂದ ಗುಡಿಸ್ತಿದೀನಿ, ಹೋಗಲ್ಲ ಅನ್ನತ್ತೆ."

ಮೇಡಂ ನಡುಮನೆಯಿಂದ ಫೋಟೋ ಇಳಿಸಿ ತರಿಸಿ, ನೆಲಕ್ಕೆ ಹಿಡಿದು ನೋಡಿದರು. ಆ ತುಂಡಿನ ಒಂದು ಬದಿ ಚಾಕುವಿನಿಂದ ಕೊಯ್ದ ಹಾಗೆ ನೇರವಾಗಿತ್ತು. ಫೋಟೋದ ಅಂಚೂ ಅಲ್ಲಿಗೇ ಮುಗಿದಿತ್ತು.

"ಇದು ಕಸ ಅಲ್ಲಮ್ಮ. ಇನ್ನೊಂದು ಎಲೆ. ಇವರ ಕ್ಯಾಮೆರಾಕ್ಕೆ ಸಿಕ್ಕಿದಷ್ಟು ಉಳಿದಿದೆ. ಸಿಗದೇ ಇದ್ದದ್ದು ಅವತ್ತೇ ಬಾಡಿ ಗುಡಿಸಿಹೋಗಿದೆ" ಎಂದರು ಮೇಡಂ.

ಅವತ್ತು ನಾನು ಕ್ಯಾಮೆರಾದ ಕಣ್ಣಿನಾಚೆ ಏನನ್ನೂ ನೋಡಿರಲಿಲ್ಲ. ಎರಡು ಎಲೆ. ಮನೆಯಲ್ಲಿದ್ದದ್ದು ತಟ್ಟೆಯಲ್ಲಿ ಉಣ್ಣುವ ಇಬ್ಬರು. ಹಾಗಾದರೆ ಅವತ್ತು ಯಾರು ಬರಬೇಕಾಗಿತ್ತು? ಮನಸ್ಸು ಒಂದು ಹೆಸರನ್ನು ಹೇಳುತ್ತಿತ್ತು, ಅಮ್ಮನ ಹಟ ನೆನೆದರೆ ಅದೇ ಮನಸ್ಸು ಸಾಧ್ಯವೇ ಇಲ್ಲ ಎನ್ನುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು ನೇರ ಅಕ್ಕನ ಮನೆಗೆ ಹೋದೆ.

ಅಕ್ಕ ಬಟಾಣಿ ಸುಲಿಯುತ್ತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಬುಟ್ಟಿ ಪಕ್ಕಕ್ಕಿಟ್ಟು, "ಯಾವತ್ತು ತೆಗೆದ ಫೋಟೋ ಅದು?" ಎಂದಳು.

"ಉಗಾದಿ ಮಾರನೇ ದಿನ."

ಅಕ್ಕ ಸೆರಗಿಗೆ ಕೈ ಒರೆಸಿಕೊಂಡಳು. "ಉಗಾದಿ ದಿನ ಹೂವಿನ ಚೆನ್ನಿ ಬಂದಿದ್ದಳು ಕಣೋ. 'ನಾಳೆ ನಿಮ್ಮಮ್ಮ ಇಬ್ಬರನ್ನೂ ಊಟಕ್ಕೆ ಬರಹೇಳವ್ರೆ' ಅಂದಳು. ಅವಳ ಬಾಯಿ ನಿಂಗೆ ಗೊತ್ತಲ್ಲ. ಹತ್ತು ಮನೇಲಿ ಹೂವು, ಹನ್ನೊಂದನೇ ಮನೇಲಿ ಸುಳ್ಳು. ಹೋದರೆ ಅಮ್ಮ ಬಾಗಿಲು ಹಾಕ್ಕೊಂಡ್ರೆ ಏನು ಮಾಡೋದು? ಇವರ ಎದುರಿಗೆ ಆ ಅವಮಾನ ನಂಗೆ ಬೇಡವಾಗಿತ್ತು. ನಾನು ಹೋಗಲಿಲ್ಲ. ಅವತ್ತಿಂದ ಇವತ್ತಿನ ತನಕ ಇದೇ ಕೊರೀತಿದೆ, ಕರೆದಿದ್ದಳೋ ಇಲ್ಲವೋ ಅಂತ. ಕೇಳೋಣ ಅಂದ್ರೆ ಚೆನ್ನೀನೂ ಸತ್ತಳು, ಅಮ್ಮನೂ ಇಲ್ಲ."

"ಕರೆದಿದ್ದಳು ಅಕ್ಕ. ಎಲೆ ಹಾಕಿದಾಳಲ್ಲ."

"ಎಲೆ ಯಾರಿಗೆ ಬೇಕಾದ್ರೂ ಹಾಕಿರಬಹುದು. ಹಬ್ಬದ ಮಾರನೇ ದಿನ, ಯಾರೋ ನೆಂಟರಿಗೆ." ಅವಳು ನನ್ನ ಮುಖ ನೋಡಿದಳು. "ಆ ಪಾತ್ರೆ ತೆಗೆದು ನೋಡಬೇಕು ಸೇತು."

ಪಾತ್ರೆ ತೆಗೆಯುವುದೆಂದರೆ ಫೋಟೋ ಸುಡುವುದು. "ಅಮ್ಮನ ಮುಖ ಇರೋದು ಅದೊಂದರಲ್ಲೇ ಅಕ್ಕ. ಅದೂ ಹೋದ್ರೆ ನಂಗೇನಿದೆ?"

"ನಿಂಗೆ ಇಷ್ಟು ವರ್ಷ ಮುಖವಾದ್ರೂ ಇತ್ತಲ್ಲೋ" ಎಂದಳು ಅಕ್ಕ. ದನಿ ಏರಿಸಲಿಲ್ಲ. "ನಂಗೆ ಅದೂ ಇರಲಿಲ್ಲ."

ನಾನು ಎದ್ದು ಬಂದೆ. ಹಲವು ದಿನ ಆ ಫೋಟೋದ ಮುಂದೆ ನಿಂತೆ. ಮೊದಲೆಲ್ಲ ಅದರಲ್ಲಿ ನನ್ನ ಅಮ್ಮ ಕಾಣುತ್ತಿದ್ದಳು, ಈಗ ಬಾಗಿಲು ನೋಡುತ್ತ ನಿಂತ ಯಾರೋ ಹೆಂಗಸು ಕಾಣುತ್ತಿದ್ದಳು. ಅದು ನನ್ನ ಕೈತಪ್ಪಾಗಿರಲಿಲ್ಲ. ಅವಳು ನಿಜವಾಗಿಯೂ ಬಾಗಿಲನ್ನೇ ನೋಡುತ್ತಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನಗಬೇಡಿ. ನನ್ನದೆಂದುಕೊಂಡಿದ್ದ ಎಲೆಯ ಜೊತೆಗೆ ಅಮ್ಮನೂ ಅರ್ಧ ಬೇರೆಯವರ ಪಾಲಾದ ಹಾಗಾಗಿತ್ತು. ಇಷ್ಟಾದ ಮೇಲೂ ಪಾತ್ರೆ ತೆರೆದರೆ ಒಳಗೆ ಏನೂ ಇಲ್ಲದಿದ್ದರೆ? ಮುಖವೂ ಹೋಗಿ, ಅಕ್ಕನ ಆಸೆಯೂ ಹೋಗಿ, ಇಬ್ಬರೂ ಬರಿಗೈಯಾದರೆ? ರೇವತಿಯನ್ನು ಕೇಳಿದೆ. "ನಾನು ಹೊರಗಿನವಳು, ನನ್ನ ಕೇಳಬೇಡಿ" ಎಂದವಳು, ಪೊರಕೆ ಕೈಗೆತ್ತಿಕೊಂಡು, "ಅತ್ತೆ ಕಾಯ್ತಾ ನಿಂತಿರೋದು ನೋಡಿ ನೋಡಿ ನಂಗೇ ಕಾಲು ನೋವು ಬಂದಿದೆ" ಎಂದಳು.

ಇನಾಸಪ್ಪನನ್ನು ಕರೆಸಿದೆ. ಸುಡುವ ಮುಂಚೆ ಒಂದು ಚಿತ್ರ ಬರೆದುಕೊಡಲಿ ಎಂದು. ಅವನು ಆ ಮನೆಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಚಪ್ಪಲಿಯನ್ನು ಅಂಗಳದಲ್ಲೇ ಬಿಟ್ಟು, ಕಾಲು ತೊಳೆದು, ದೇವಸ್ಥಾನಕ್ಕೆ ಬಂದವನ ಹಾಗೆ ಬಂದ. ಪಾತ್ರೆ, ಸೌಟು, ಭರಣಿ, ಮಣೆ ಎಲ್ಲ ಬೇಗ ಬೇಗ ಕಾಗದಕ್ಕಿಳಿದವು. ಮುಖಕ್ಕೆ ಬಂದಾಗ ಕೈ ನಿಂತಿತು. ಬರೆದ, ಅಳಿಸಿದ, ಮತ್ತೆ ಬರೆದ. ಅಮ್ಮನನ್ನು ಅವನು ಹತ್ತಿರದಿಂದ ನೋಡಿಯೇ ಇರಲಿಲ್ಲ. ಫೋಟೋ ಕಪ್ಪು-ಬಿಳುಪು. ಸೀರೆಯ ಬಣ್ಣ ಯಾವುದು ಎಂದು ಕೇಳಿದ. ನನಗೆ ನೆನಪಿರಲಿಲ್ಲ. ಹೆತ್ತ ತಾಯಿ ಉಟ್ಟ ಸೀರೆಯ ಬಣ್ಣ ಮರೆತ ಮಗ ಅವಳ ಫೋಟೋವನ್ನು ಇಷ್ಟು ವರ್ಷ ಏನು ನೋಡಿದನೋ.

ಚಿತ್ರ ಮುಗಿಸಿ ನನ್ನ ಕಡೆ ತಿರುಗಿಸಿದ. ನೋಡಿ ದಿಗಿಲಾಯಿತು. ಮುಖ ಅಕ್ಕನದಾಗಿತ್ತು. "ಇದು ಅಮ್ಮ ಅಲ್ಲ ಭಾವ" ಎಂದೆ. "ನಂಗೆ ಕಂಡಿದ್ದು ಹೀಗೇ ಸೇತಣ್ಣ, ನೀವೇ ಇಟ್ಟು ನೋಡಿ" ಎಂದ ಅವನು. ಫೋಟೋವನ್ನೂ ಚಿತ್ರವನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದೆ. ನೋಡುತ್ತ ನೋಡುತ್ತ ಯಾವುದು ಯಾರ ಹಾಗಿದೆ ಎಂಬುದೇ ತಿಳಿಯದಾಯಿತು. ನಾನು ಮನಸ್ಸು ಮಾಡಿದ್ದು ಆಗ. ಏನಾದರೂ ತಿಳಿದು ಮಾಡಿದ್ದಲ್ಲ, ಇನ್ನು ನೋಡಲಾರೆ ಎನಿಸಿ ಮಾಡಿದ್ದು.

ಭಾನುವಾರ ಬೆಳಿಗ್ಗೆ ಅಕ್ಕ ಇನಾಸಪ್ಪನ ಜೊತೆ ಬಂದಳು. ಅಂಗಳದಲ್ಲಿ ನಿಂತಳು. ರೇವತಿ ಹೋಗಿ ಕೈಹಿಡಿದು ಒಳಗೆ ಕರೆತಂದಳು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಂದೊಂದಾಗಿ ನೋಡಿದಳು, ಏನನ್ನೂ ಮುಟ್ಟಲಿಲ್ಲ. ನಾನು ಫೋಟೋವನ್ನು ಕಟ್ಟಿನಿಂದ ಬಿಡಿಸಿ ಅವಳ ಕೈಗೆ ಕೊಟ್ಟೆ. "ಒಂದ್ಸಲ ನೋಡ್ಕೋ" ಎಂದೆ. ಅವಳು ನೋಡಿದಳು. ಸೆರಗಿನ ಅಂಚಿನ ಮೇಲೆ ಬೆರಳಾಡಿಸಿದಳು. "ಸೀರೆ ಮಾವಿನ ಚಿಗುರಿನ ಬಣ್ಣದ್ದು" ಎಂದಳು. "ನನ್ನ ಮದುವೆಗೆ ಅಂತ ತೆಗೆದಿಟ್ಟಿದ್ದು. ಎಂದೂ ಉಟ್ಟಿರಲಿಲ್ಲ."

ಬಚ್ಚಲ ಒಲೆಯಲ್ಲಿ ನೀರು ಕಾಯುತ್ತಿತ್ತು. ನೆಗೆಟಿವನ್ನು ಮೊದಲು ಹಾಕಿದೆ. ಫೋಟೋವನ್ನು ಹಾಕಲು ಕೈ ಮುಂದೆ ಹೋಯಿತು, ಹಿಂದೆ ಬಂತು. ಅಮ್ಮ ಅದರಲ್ಲೂ ನನ್ನ ಕಡೆ ನೋಡುತ್ತಿರಲಿಲ್ಲ. ಕೈ ಬಿಟ್ಟೆ. ಮೂಲೆ ಸುರುಳಿಯಾಗಿ, ಸೀರೆಗೆ ಬೆಂಕಿ ಹತ್ತಿ, ಕೊನೆಗೆ ಮುಖವೂ ಹೋಯಿತು. ನಾನು ಮಕ್ಕಳ ಹಾಗೆ ಅತ್ತೆ. ಅಷ್ಟರಲ್ಲಿ ಅಡುಗೆಮನೆಯಲ್ಲಿ ಠಣ್ ಎಂದು ಸೌಟು ಜಾರಿಬಿದ್ದ ಸದ್ದಾಯಿತು.

ಓಡಿಬಂದು ನೋಡಿದರೆ ಎಲ್ಲರೂ ಪಾತ್ರೆಯ ಸುತ್ತ ನಿಂತಿದ್ದರು, ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ರೇವತಿಯೇ ಸೆರಗಿನಲ್ಲಿ ಮುಚ್ಚಳ ಹಿಡಿದು ಎತ್ತಿದಳು. ಬಿಸಿ ಹಬೆ ಅವಳ ಮುಖಕ್ಕೆ ಬಡಿಯಿತು. ಇಂಗು, ಬೆಲ್ಲ, ಹುರಿದ ಎಳ್ಳಿನ ವಾಸನೆ ಮನೆಯೆಲ್ಲ ತುಂಬಿತು. ಹಾಗಲಕಾಯಿ ಗೊಜ್ಜು.

ನಾನು ಹಾಗಲಕಾಯಿ ತಿನ್ನುವವನಲ್ಲ. ಅಪ್ಪ ಇದ್ದಾಗ ಅವರೂ ತಿನ್ನುತ್ತಿರಲಿಲ್ಲ. ಅಮ್ಮನಿಗೆ ಅದರ ಹೆಸರೆತ್ತಿದರೆ ಹೊಟ್ಟೆ ತೊಳಸುತ್ತಿತ್ತು. ನಮ್ಮ ಮನೆಯಲ್ಲಿ ಅದನ್ನು ತಿನ್ನುತ್ತಿದ್ದವಳು ಒಬ್ಬಳೇ, ಅವಳಿಗೋಸ್ಕರ ಮಾತ್ರ ಅಮ್ಮ ಮೂಗಿಗೆ ಸೆರಗು ಮುಚ್ಚಿಕೊಂಡು ಅದನ್ನು ಮಾಡುತ್ತಿದ್ದಳು. ಅದನ್ನು ಯಾರೂ ಅಕ್ಕನಿಗೆ ಹೇಳಬೇಕಾಗಿರಲಿಲ್ಲ. ಅವಳು ಹೋಗಿ ಮಣೆಯ ಮೇಲೆ ಕೂತಳು.

"ಬಿಸಿ ಆರೋ ಮುಂಚೆ ಬಡಿಸ್ತೀನಿ, ಅನ್ನ ಮಾಡಿದೀನಿ" ಎಂದು ರೇವತಿ ನಡುಮನೆಗೆ ಓಡಿದಳು. ಇನಾಸಪ್ಪ ಏನು ಮಾಡುವುದೆಂದು ತಿಳಿಯದೆ ನಿಂತಿದ್ದ. ಗೋಡೆಯ ಬುಡದ ಹಸಿರು ತುಂಡನ್ನು ತೋರಿಸಿ, "ಭಾವ, ನಿಮ್ಮದು ಇಲ್ಲಿ" ಎಂದೆ. ಅವನು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಅಂಗೈಯಗಲದ ಎಲೆಯ ಮೇಲೆ ಒಂದು ತುತ್ತು ಅನ್ನ, ಒಂದು ಚಮಚ ಗೊಜ್ಜು ಹಿಡಿಯಿತು. ಅಷ್ಟನ್ನೇ ಮತ್ತೆ ಮತ್ತೆ ಬಡಿಸಿಕೊಂಡು, ಕಹಿಗೆ ಕಣ್ಣು ಕಿರಿದು ಮಾಡಿಕೊಂಡು, ಬಿಡದೆ ತಿಂದ.

ಅಕ್ಕ ಕಲಸಿ ಬಾಯಿಗಿಟ್ಟುಕೊಂಡಳು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಎರಡನೆಯ ತುತ್ತಿಗೆ ಅವಳ ಹುಬ್ಬು ಗಂಟಿಕ್ಕಿತು. ತಟ್ಟನೆ ತಲೆಯೆತ್ತಿ, ಚಿಕ್ಕಂದಿನಲ್ಲಿ ಕೂಗುತ್ತಿದ್ದ ಹಾಗೇ, ಒಲೆಯ ಕಡೆಗೆ ತಿರುಗಿ ಕೂಗಿದಳು: "ಅಮ್ಮಾ, ಎಲೆಗೆ ಉಪ್ಪೇ ಹಾಕಿಲ್ವಲ್ಲೇ!"

ಕೂಗಿದವಳೇ ತಬ್ಬಿಬ್ಬಾಗಿ ಎಲೆ ನೋಡುತ್ತ ಕೂತಳು. ನಾನು ಎದ್ದು ಹೋಗಿ ಗೂಡಿನಲ್ಲಿದ್ದ ಭರಣಿಗೆ ಕೈ ಹಾಕಿದೆ. ಅದು ಹಗುರವಾಗಿ ಕೈಗೆ ಬಂತು. ಮುಚ್ಚಳ ತೆಗೆದು, ಬೆರಳಿನಲ್ಲಿ ಚಿಟಿಕೆ ಉಪ್ಪು ತೆಗೆದು ಅಕ್ಕನ ಎಲೆಯ ತುದಿಗೆ ಬಡಿಸಿದೆ.